ಕುರುಚಲು ಕಾಡಿಗೆ ಜೆಸಿಬಿ ಇಳಿಸುವ ಮುನ್ನ ಎರಡು ಹಂಗಾಮು ಹುಡುಕಿ

ಸಂಪಾದಕರಿಗೆ,

ಮಾನ್ಯರೆ,

ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು ತಾಲ್ಲೂಕುಗಳ ಕುರುಚಲು ಗುಡ್ಡಗಳಿಗೆ ಕಡತದಲ್ಲಿರುವ ಹೆಸರು ಬಂಜರು. ದೇಶದ ಬಂಜರು ಭೂಮಿಯ ಅಟ್ಲಾಸ್‌ನಲ್ಲೂ ಕುರುಚಲು ಇರುವ ನೆಲ ಬಂಜರಿನ ಲೆಕ್ಕಕ್ಕೇ ಸೇರಿದೆ. ಗಾಳಿಯಂತ್ರಕ್ಕೆ, ಸೋಲಾರ್ ಪಾರ್ಕಿಗೆ, ಕ್ವಾರಿಗೆ, ನೆಡುತೋಪಿಗೆ ಜಾಗ ಬೇಕೆಂದಾಗ ಮೊದಲು ಕಣ್ಣು ಬೀಳುವುದೂ ಇವುಗಳ ಮೇಲೆಯೇ. ಸೋಲಾರ್ ಮತ್ತು ಗಾಳಿ ವಿದ್ಯುತ್ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪೂರ್ವಾನುಮತಿಯೂ ಬೇಕಿಲ್ಲ. ಹಾಗಾಗಿ ಕಂದಾಯ ಜಮೀನಿನ ಕುರುಚಲಿನಲ್ಲಿ ಯಾವ ಜೀವಿ ಇದೆ ಎಂದು ಯಾರೂ ಕೇಳದೆಯೇ ಕೆಲಸ ಮುಗಿದುಹೋಗುತ್ತದೆ. ಜಿಲ್ಲಾಡಳಿತ ಮತ್ತು ಅರಣ್ಯ ಇಲಾಖೆಯ ಮುಂದೆ ನಾವಿಡುವ ಬೇಡಿಕೆ ಒಂದೇ: ಆಂಧ್ರದ ಗಡಿಗೆ ಹೊಂದಿದ ಈ ಕುರುಚಲನ್ನು ಸವರುವ, ಟ್ರೆಂಚ್ ಹೊಡೆಯುವ, ಬೇಲಿ ಹಾಕುವ ಮುನ್ನ ಕನಿಷ್ಠ ಎರಡು ಹಂಗಾಮು ಜೆರ್ಡನ್ಸ್ ಕೋರ್ಸರ್ ಹಕ್ಕಿಗಾಗಿ ಕ್ರಮಬದ್ಧವಾಗಿ ಹುಡುಕಬೇಕು.

ಟಿಟ್ಟಿಭ, ಉಲ್ಲಂಕಿಗಳ ಗಣಕ್ಕೆ ಸೇರಿದ ಹಕ್ಕಿ ಇದು. ನೀರಂಚಿನ ಹಕ್ಕಿಗಳ ನೆಂಟನಾದರೂ ನೀರಿನ ಹಂಗಿಲ್ಲದೆ ಒಣ ಮುಳ್ಳುಗಿಡಗಳ ನಡುವೆ ಬಾಳುತ್ತದೆ. ಕೊಕ್ಕಿನಿಂದ ಬಾಲದವರೆಗೆ ಸುಮಾರು 27 ಸೆಂಟಿಮೀಟರ್. ಎದೆಯ ಮೇಲೆ ಎರಡು ಪಟ್ಟೆ, ಗಂಟಲಲ್ಲಿ ಕೆಂಗಂದು ಮಚ್ಚೆ, ಕಣ್ಣಿನ ಮೇಲೆ ಬಿಳಿ ಹುಬ್ಬು, ಹಳದಿ ಕೊಕ್ಕಿನ ತುದಿ ಕಪ್ಪು. ಕಣ್ಣು ದೊಡ್ಡದು, ಏಕೆಂದರೆ ಅದರ ಓಡಾಟವೆಲ್ಲ ರಾತ್ರಿ. ಹಗಲು ಪೊದೆಯ ನೆರಳಲ್ಲಿ ಕದಲದೆ ಕೂತರೆ ಹತ್ತು ಹೆಜ್ಜೆ ದೂರದಿಂದಲೂ ಗೊತ್ತಾಗುವುದಿಲ್ಲ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿ. ಬೆಳೆದ ಹಕ್ಕಿಗಳ ಅಂದಾಜು ಸಂಖ್ಯೆ 50ರಿಂದ 249. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕೇಂದ್ರ ಸರ್ಕಾರ ಪುನಶ್ಚೇತನಕ್ಕೆ ಆಯ್ದುಕೊಂಡ ಜೀವಿಗಳ ಪಟ್ಟಿಯಲ್ಲೂ ಇದರ ಹೆಸರಿದೆ.

ಆಂಧ್ರದಲ್ಲಿ ಕಂಡ ಈ ಹಕ್ಕಿಗೂ ಚಿತ್ರದುರ್ಗಕ್ಕೂ ಏನು ಸಂಬಂಧ ಎಂದು ಕೇಳಬಹುದು. 1848ರಲ್ಲಿ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಮದ್ರಾಸ್ ಸೈನ್ಯದ ವೈದ್ಯ ಜೆರ್ಡನ್ ಅವರ ಹೆಸರು ಹಕ್ಕಿಗೆ ಅಂಟಿಕೊಂಡಿತು. 1900ರಲ್ಲಿ ಹೋವರ್ಡ್ ಕ್ಯಾಂಬೆಲ್ ಎಂಬುವರು ಕಂಡ ಮೇಲೆ ಎಂಬತ್ತಾರು ವರ್ಷ ಹಕ್ಕಿ ಯಾರ ಕಣ್ಣಿಗೂ ಬಿದ್ದ ದಾಖಲೆ ಇಲ್ಲ. ಅವರು ಕಂಡದ್ದು ಅನಂತಪುರದ ಬಳಿ. ಮೊಳಕಾಲ್ಮೂರಿಗೆ ಗಡಿ ತಾಗಿದ ರಾಯದುರ್ಗ, ಚಳ್ಳಕೆರೆಯ ಪರಶುರಾಂಪುರದ ಆಚೆಗಿನ ಕಲ್ಯಾಣದುರ್ಗ ಎರಡೂ ಅದೇ ಅನಂತಪುರ ಜಿಲ್ಲೆಯವು. ಗಡಿಕಲ್ಲಿನ ಈಚೆ ಆಚೆ ಮಣ್ಣೂ ಒಂದೇ, ಮಳೆಯೂ ಒಂದೇ, ಗಿಡವೂ ಒಂದೇ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಸಾಕ್ಷ್ಯವಿದೆ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಒಂದು ಮೊಟ್ಟೆ ಇತ್ತು. 1917ರಲ್ಲಿ ಕೋಲಾರದ ಸುತ್ತಲಿನ ಪ್ರದೇಶದಿಂದ ಸಂಗ್ರಹಿಸಿದ್ದು. ಅದರ ಡಿಎನ್‌ಎಯನ್ನು ಹಳೆಯ ಹಕ್ಕಿ ಮಾದರಿಗಳ ಡಿಎನ್‌ಎ ಜೊತೆ ಹೋಲಿಸಿದಾಗ ಅದು ಜೆರ್ಡನ್ಸ್ ಕೋರ್ಸರ್ ಮೊಟ್ಟೆಯೇ ಎಂದು ಖಚಿತವಾಯಿತು. 2012ರಲ್ಲಿ ಪ್ರಕಟವಾದ ಈ ಸಂಗತಿ ಕನ್ನಡ ಪತ್ರಿಕೆಗಳಲ್ಲಿ ಚರ್ಚೆಯಾದದ್ದು ಕಡಿಮೆ. ಈ ಹಕ್ಕಿಯದೆಂದು ದೃಢಪಟ್ಟ ಏಕೈಕ ಮೊಟ್ಟೆ ಅದು, ಸಿಕ್ಕಿದ್ದು ಇಂದಿನ ಕರ್ನಾಟಕದ ನೆಲದಲ್ಲಿ. ಒಂದು ಕಡೆ ಅನಂತಪುರ, ಇನ್ನೊಂದು ಕಡೆ ಕೋಲಾರ. ಅಲ್ಲಿನಂಥದೇ ಕುರುಚಲು ನಮ್ಮಲ್ಲೂ ಇರುವಾಗ ಇಲ್ಲಿ ಆ ಹಕ್ಕಿ ಇಲ್ಲ ಎನ್ನಲು ನಮ್ಮ ಬಳಿ ಆಧಾರವೇನಿದೆ? ಇದೇ ಹಕ್ಕಿಯನ್ನು ಗುರಿಯಾಗಿಟ್ಟು ರಾತ್ರಿ ಹೊತ್ತು, ಸರಿಯಾದ ಜಾಗದಲ್ಲಿ ಹುಡುಕಿ ಸಿಗದಿದ್ದರೆ ಮಾತ್ರ ಇಲ್ಲ ಎನ್ನಬಹುದು.

1986ರ ಜನವರಿಯಲ್ಲಿ ಕಡಪಾ ಜಿಲ್ಲೆಯ ರೆಡ್ಡಿಪಲ್ಲಿ ಬಳಿ ಅದು ಮತ್ತೆ ಸಿಕ್ಕಿದ್ದು ಸ್ಥಳೀಯರ ತಿಳಿವಳಿಕೆಯಿಂದ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅವರು ಊರೂರಿಗೆ ಹೋಗಿ ಚಿತ್ರ ತೋರಿಸಿ ವಿಚಾರಿಸುತ್ತಿದ್ದರು. ಐತಣ್ಣ ಎಂಬ ಹಳ್ಳಿಗರು ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಹಕ್ಕಿಯನ್ನು ಹಿಡಿದು ತಂದರು. ಆ ಹಕ್ಕಿ ಬದುಕಲಿಲ್ಲ. ಎರಡು ಪಾಠವೂ ನಮಗೆ ಬೇಕು: ಮೊದಲು ಕೇಳಬೇಕಾದದ್ದು ಕಾಡಂಚಿನ ಜನರನ್ನು, ಮತ್ತು ಹಕ್ಕಿಯನ್ನು ಯಾರೂ ಹಿಡಿಯಲು ಹೋಗಕೂಡದು.

ನಮ್ಮಲ್ಲಿ ಯಾರನ್ನು ಕೇಳಬೇಕು? ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳನ್ನು, ರೊಪ್ಪದ ಪಕ್ಕದಲ್ಲೇ ಮಲಗುವ ಕುರಿಗಾಹಿಗಳನ್ನು. ಈ ಗುಡ್ಡಗಳಲ್ಲಿ ಇವರಷ್ಟು ರಾತ್ರಿಗಳನ್ನು ಕಳೆದವರು ಬೇರೆ ಯಾರೂ ಇಲ್ಲ. ಕೇಳುವ ರೀತಿಯಲ್ಲೂ ಎಚ್ಚರ ಬೇಕು. ಒಂದೇ ಚಿತ್ರ ಹಿಡಿದು "ಇದನ್ನು ನೋಡಿದ್ದೀರಾ" ಎಂದರೆ ಬಂದವರ ಮನಸ್ಸು ನೋಯಬಾರದೆಂದು ಹೌದು ಎನ್ನುವವರೇ ಹೆಚ್ಚು. ಟಿಟ್ಟಿಭ, ಕಲ್ಗೊರವ, ಗೌಜಲಹಕ್ಕಿ, ನತ್ತಿಂಗ, ಬಯಲಿನ ಇಂಡಿಯನ್ ಕೋರ್ಸರ್, ಜೊತೆಗೆ ನಮ್ಮ ಸೀಮೆಯಲ್ಲಿ ಇಲ್ಲವೇ ಇಲ್ಲದ ಒಂದು ಹಕ್ಕಿ, ಇವೆಲ್ಲದರ ನಡುವೆ ಜೆರ್ಡನ್ಸ್ ಕೋರ್ಸರ್ ಚಿತ್ರವನ್ನು ಸೇರಿಸಿ, ಯಾವುದು ಎಲ್ಲಿ, ಯಾವ ಹೊತ್ತಿನಲ್ಲಿ ಕಂಡಿರಿ ಎಂದು ಅವರೇ ಹೇಳುವಂತೆ ಬಿಡಬೇಕು. ಇಲ್ಲದ ಹಕ್ಕಿಯನ್ನೂ ಕಂಡೆನೆಂದವರ ಉತ್ತರವನ್ನು ಬೇರೆ ಇಡಬೇಕು. ಗಡಿಭಾಗದಲ್ಲಿ ತೆಲುಗು ಮನೆಮಾತಿನವರು ಬಹಳ ಇದ್ದಾರೆ. ಕಡಪಾ ಕಡೆ ಇದಕ್ಕೆ ಕಲಿವಿ ಕೋಡಿ ಎನ್ನುತ್ತಾರೆ, ಆ ಹೆಸರನ್ನೂ ಕೇಳಿನೋಡಬಹುದು.

ಜಾಗದ ಆಯ್ಕೆಯಲ್ಲಿಯೇ ಅರ್ಧ ಕೆಲಸವಿದೆ. ಅಮೃತ್ ಮಹಲ್ ಕಾವಲಿನಂಥ ತೆರೆದ ಹುಲ್ಲುಗಾವಲು ಈ ಹಕ್ಕಿಯದಲ್ಲ, ಅದು ಬೇರೆ ಜೀವಿಗಳ ನೆಲೆ. ದಟ್ಟ ಕಾಡೂ ಇದಕ್ಕೆ ಆಗದು. ಜಾಲಿ, ಬೋರೆ, ಕವಳೆ ಗಿಡಗಳು ಅಲ್ಲಲ್ಲಿ ನಿಂತು, ನಡುವೆ ಬರಿ ನೆಲ ಉಳಿದ ಕುರುಚಲು ಬೇಕು. ಕಡಪಾದ ಶ್ರೀಲಂಕಮಲ್ಲೇಶ್ವರ ಅಭಯಾರಣ್ಯದಲ್ಲಿ ನಡೆದ ಅಧ್ಯಯನ ಇದಕ್ಕೆ ಅಳತೆಯನ್ನೇ ಕೊಟ್ಟಿದೆ: ಎರಡು ಮೀಟರಿಗಿಂತ ಎತ್ತರದ ಪೊದೆ ಹೆಕ್ಟೇರಿಗೆ 300ರಿಂದ 700, ಅದಕ್ಕಿಂತ ಗಿಡ್ಡವು 1,000ಕ್ಕಿಂತ ಕಡಿಮೆ. ನಮ್ಮ ಲೆಕ್ಕಕ್ಕೆ ತಂದರೆ ಹತ್ತು ಗುಂಟೆಯಲ್ಲಿ ಆಳೆತ್ತರ ಮೀರಿದ ಪೊದೆ 30ರಿಂದ 70, ಗಿಡ್ಡವು ನೂರರೊಳಗೆ. 20 ಮೀಟರ್ ಅಗಲ, 50 ಮೀಟರ್ ಉದ್ದಕ್ಕೆ ಹಗ್ಗ ಕಟ್ಟಿ ಎಣಿಸಿದರೆ ಆಯಿತು. ಒಂದು ಗುಡ್ಡದ ಬುಡದಲ್ಲಿ ಐದಾರು ಕಡೆ ಎಣಿಸಿದರೆ ಆ ಜಾಗ ಹುಡುಕಲು ಯೋಗ್ಯವೋ ಅಲ್ಲವೋ ಒಂದೇ ಹಗಲಿನಲ್ಲಿ ತಿಳಿಯುತ್ತದೆ. ಎಣಿಸುವಾಗ ಬಳ್ಳಾರಿ ಜಾಲಿಯನ್ನು ಬೇರೆ ಅಂಕಣದಲ್ಲಿ ಬರೆಯಬೇಕು. ಅದನ್ನೂ ನಾಟಿ ಗಿಡದ ಜೊತೆ ಕೂಡಿಸಿಬಿಟ್ಟರೆ ಕೆಟ್ಟ ಜಾಗವೂ ಕಾಗದದ ಮೇಲೆ ಒಳ್ಳೆಯದಾಗಿ ಕಾಣುತ್ತದೆ.

ಮುಂದಿನ ಹಂತ ಹೆಜ್ಜೆಗುರುತು. ಕಡಪಾದಲ್ಲಿ ನೆಲದ ಮೇಲೆ ನುಣುಪಾದ ಮಣ್ಣಿನ ಪಟ್ಟಿ ಹಾಸಿ ಅದರ ಮೇಲೆ ರಾತ್ರಿ ಮೂಡಿದ ಹೆಜ್ಜೆಗಳನ್ನು ಓದುವ ವಿಧಾನವನ್ನು ರೂಪಿಸಿದ್ದಾರೆ. ಖರ್ಚೂ ಕಡಿಮೆ, ಹಕ್ಕಿಗೆ ತೊಂದರೆಯೂ ಇಲ್ಲ. ಅದೇ ಜಾಗದ ಮಣ್ಣನ್ನು ಜರಡಿ ಹಿಡಿದು ಹರಳು ತೆಗೆದು, ಪೊದೆಗಳ ನಡುವಿನ ಬರಿ ನೆಲದಲ್ಲಿ ಸುಮಾರು ಐದು ಮೀಟರ್ ಉದ್ದ, ಒಂದು ಗೇಣು ಅಗಲ, ಒಂದು ಅಂಗುಲ ದಪ್ಪಕ್ಕೆ ಹಾಸಿ, ಹಲಗೆಯಿಂದ ಸವರಿದರೆ ಪಟ್ಟಿ ಸಿದ್ಧ. ಕೆಡುವುದು ಎಲ್ಲಿ ಎಂದರೆ, ಹೊತ್ತಿನಲ್ಲಿ. ಕುರಿ ರೊಪ್ಪಕ್ಕೆ ಮರಳಿದ ಮೇಲೆ ಸವರಬೇಕು, ಮಾರನೆಯ ಬೆಳಗ್ಗೆ ಮಂದೆ ಹೊರಡುವ ಮೊದಲು ನೋಡಿ ಮುಗಿಸಬೇಕು. ಎಳೆಬಿಸಿಲು ಅಡ್ಡ ಬೀಳುವಾಗ ಹೆಜ್ಜೆಯ ಅಂಚಿಗೆ ನೆರಳು ಮೂಡಿ ಬೆರಳು ಸ್ಪಷ್ಟವಾಗುತ್ತದೆ. ಬಿಸಿಲು ನೆತ್ತಿಗೇರಿದರೆ ಅದೇ ಹೆಜ್ಜೆ ಕಾಣುವುದಿಲ್ಲ. ಕೆಂಪು ಮಣ್ಣು ಒಂದು ಸೋನೆಗೇ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಹಕ್ಕಿ ನಡೆದರೂ ಗುರುತು ಮೂಡದು, ಮತ್ತೆ ಜರಡಿ ಹಿಡಿಯಲೇಬೇಕು. ಎರೆಮಣ್ಣು ಬಿರುಕು ಬಿಡುವುದರಿಂದ ಈ ಕೆಲಸಕ್ಕೆ ಒಗ್ಗದು. ಆಷಾಢದ ಗಾಳಿಯಲ್ಲಿ ಪಟ್ಟಿ ಬೆಳಗಿನವರೆಗೆ ಉಳಿಯುವುದು ಕಷ್ಟ.

ಕೋರ್ಸರ್ ಕಾಲಿಗೆ ಮುಂದಿನ ಮೂರು ಬೆರಳು ಮಾತ್ರ, ಹಿಂಬೆರಳಿಲ್ಲ. ಆದ್ದರಿಂದ ಹಿಂದಕ್ಕೆ ಬೆರಳೂರಿದ ಗೌಜಲಹಕ್ಕಿಯ ಹೆಜ್ಜೆಯನ್ನು ಮೊದಲ ನೋಟಕ್ಕೇ ಬಿಡಬಹುದು. ತೊಂದರೆ ಕೊಡುವುದು ಕಲ್ಗೊರವ ಮತ್ತು ಟಿಟ್ಟಿಭ. ಕಲ್ಗೊರವದ ಹೆಜ್ಜೆ ದೊಡ್ಡದು, ಬೆರಳು ದಪ್ಪ. ಟಿಟ್ಟಿಭದ್ದನ್ನು ಅಳತೆಯಿಂದ ಬೇರ್ಪಡಿಸಲು ಅನುಭವ ಬೇಕು. ಹಾಗಾಗಿ ಪ್ರತಿ ಹೆಜ್ಜೆಯ ಪಕ್ಕ ಸ್ಕೇಲ್ ಇಟ್ಟು, ಮೊಬೈಲನ್ನು ನೆಲಕ್ಕೆ ಸಮನಾಗಿ ಮೇಲಿನಿಂದ ಹಿಡಿದು ಫೋಟೊ ತೆಗೆಯಬೇಕು. ಓರೆಯಾಗಿ ತೆಗೆದ ಫೋಟೊದಲ್ಲಿ ಬೆರಳಿನ ಉದ್ದ ಸುಳ್ಳಾಗುತ್ತದೆ. ಎಷ್ಟೇ ಚೆನ್ನಾಗಿ ಮೂಡಿದ್ದರೂ ಹೆಜ್ಜೆಯೊಂದನ್ನೇ ನೆಚ್ಚಿ ಹಕ್ಕಿ ಇದೆ ಎಂದು ಘೋಷಿಸಬಾರದು. ಕ್ಯಾಮೆರಾ ಎಲ್ಲಿಡಬೇಕೆಂದು ಅದು ಹೇಳುತ್ತದೆ, ಅಷ್ಟೆ.

ಪ್ರಾಣಿ ಸುಳಿದಾಗ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ನಮ್ಮ ಅರಣ್ಯ ಇಲಾಖೆಗೆ ಹೊಸದಲ್ಲ. ಆದರೆ ಚಿರತೆ, ಕರಡಿಗೆಂದು ಕಟ್ಟುವ ಎತ್ತರದಲ್ಲಿ, ಅಷ್ಟು ದೂರಕ್ಕೆ ಗುರಿಯಿಟ್ಟರೆ ಈ ಪುಟ್ಟ ಹಕ್ಕಿ ಬಂದುಹೋದರೂ ಕ್ಯಾಮೆರಾ ಏಳುವುದಿಲ್ಲ. ದೇಹದ ಬಿಸಿ ಮತ್ತು ನೆಲದ ಬಿಸಿಯ ವ್ಯತ್ಯಾಸವೇ ಅದಕ್ಕೆ ಸೂಚನೆ. ಪುಟ್ಟ ದೇಹದ ಬಿಸಿ ದೂರಕ್ಕೆ ತಲುಪದು. ಗೂಟ ನೆಟ್ಟು ಮೊಣಕಾಲಿಗಿಂತ ಕೆಳಗೆ ಕಟ್ಟಿ, ಎರಡು ಮೂರು ಮೀಟರ್ ದೂರದ ಬರಿ ನೆಲಕ್ಕೆ ಗುರಿಯಿಟ್ಟು, ಸಂವೇದನೆಯನ್ನು ಗರಿಷ್ಠಕ್ಕೆ ಹೊಂದಿಸಬೇಕು. ಬಿಳಿ ಫ್ಲಾಶ್ ಬೇಡ, ಇನ್ಫ್ರಾರೆಡ್ ಸಾಕು. ಮುಂದಿನ ಹುಲ್ಲುಕಡ್ಡಿಗಳನ್ನು ಕೀಳದಿದ್ದರೆ ಗಾಳಿಗೆ ಅಲುಗಿದ ಹುಲ್ಲಿನ ಚಿತ್ರಗಳೇ ತುಂಬಿ ಒಂದೇ ದಿನದಲ್ಲಿ ಕಾರ್ಡೂ ಮುಗಿಯುತ್ತದೆ, ಬ್ಯಾಟರಿಯೂ ಸಾಯುತ್ತದೆ. ಮುಖವನ್ನು ಪೂರ್ವ ಪಶ್ಚಿಮಕ್ಕೆ ತಿರುಗಿಸದೆ ಉತ್ತರಕ್ಕೆ ಇಡುವುದು ಕ್ಷೇಮ. ಬೇಸಿಗೆಯಲ್ಲಿ ದುರ್ಗದ ಬಂಡೆಗಳು ಸಂಜೆ ಬಹಳ ಹೊತ್ತಿನವರೆಗೂ ಕಾದೇ ಇರುತ್ತವೆ, ಹಕ್ಕಿಯ ಬಿಸಿಗೂ ಕಲ್ಲಿನ ಬಿಸಿಗೂ ವ್ಯತ್ಯಾಸ ಉಳಿಯುವುದಿಲ್ಲ. ಕಾರ್ತಿಕದಿಂದ ಮಾಘದವರೆಗಿನ ಹುಡುಕಾಟಕ್ಕೆ ಹೆಚ್ಚು ತೂಕ ಕೊಡಬೇಕೆಂದು ನಾವು ಹೇಳುವುದು ಇದಕ್ಕೇ. ಕ್ಯಾಮೆರಾ ಕಳವಿನ ಭಯವಿದ್ದರೆ ಸರಪಳಿಗಿಂತ ಸುತ್ತಲಿನ ಕುರಿಗಾಹಿಗಳಿಗೆ ಮೊದಲೇ ತಿಳಿಸಿ ಒಪ್ಪಿಸುವುದು ಗಟ್ಟಿ ಉಪಾಯ.

ಕೂಗು ಇನ್ನೊಂದು ದಾರಿ. ಎರಡು ಸ್ವರದ ಚುಟುಕು ಕೂಗು, ಬೆನ್ನುಬೆನ್ನಿಗೆ ಹಲವು ಸಲ. ಸೂರ್ಯ ಮುಳುಗಿ ಮುಕ್ಕಾಲು ಗಂಟೆಯಾದ ಮೇಲೆ ಶುರುವಾಗಿ ಕೆಲವೇ ನಿಮಿಷಗಳಿಂದ ಸುಮಾರು ಇಪ್ಪತ್ತು ನಿಮಿಷದೊಳಗೆ ನಿಂತುಹೋಗುತ್ತದೆ. ಆ ಹೊತ್ತು ತಪ್ಪಿದರೆ ಆ ರಾತ್ರಿಯೇ ತಪ್ಪಿದಂತೆ. ಆದ್ದರಿಂದ ಆ ಹೊತ್ತಿಗೆ ಜಾಗ ಹುಡುಕುತ್ತಾ ಅಲೆಯದೆ ಮೊದಲೇ ಹೋಗಿ ಕೂರಬೇಕು, ಒಬ್ಬರಿಗೊಬ್ಬರು ಮುನ್ನೂರು ನಾನ್ನೂರು ಮೀಟರ್ ಅಂತರದಲ್ಲಿ. ಕೇಳಿದವರು ದಿಕ್ಕನ್ನು ದಿಕ್ಸೂಚಿಯಿಂದ ಗುರುತಿಸಿದರೆ ಎರಡು ಗೆರೆ ಕೂಡುವಲ್ಲಿ ಹಕ್ಕಿಯ ಜಾಗ ಸಿಗುತ್ತದೆ. ತಾನಾಗಿ ಧ್ವನಿಮುದ್ರಿಸುವ ಯಂತ್ರ ಇಟ್ಟರೆ ಇನ್ನೂ ಒಳ್ಳೆಯದು. ಎಂಪಿ3 ಬೇಡ, ಪೂರ್ಣ ಧ್ವನಿ ಉಳಿಯುವ ವೇವ್ ಫೈಲಿನಲ್ಲೇ ಉಳಿಸಬೇಕು. ಗಾಳಿಯಂತ್ರದ ಬುಡ, ಪಂಪ್‌ಸೆಟ್ ಬಳಿ ಇಟ್ಟು ಪ್ರಯೋಜನವಿಲ್ಲ. ಮುದ್ರಿತ ಕೂಗನ್ನು ಸ್ಪೀಕರಿನಲ್ಲಿ ಹಾಕಿ ಉತ್ತರ ಬರುತ್ತದೇನೋ ನೋಡುವ ಕ್ರಮ ವಿಜ್ಞಾನಿಗಳಲ್ಲಿದೆ. ಅದು ಇಲಾಖೆಯ ಅನುಮತಿ ಪಡೆದ ತಂಡದ ಕೈಯಲ್ಲಿ, ಒಂದು ಜಾಗದಲ್ಲಿ ಒಂದು ಸಲ, ಅಷ್ಟಕ್ಕೇ ಸೀಮಿತವಾಗಬೇಕು. ಮೊಬೈಲಿನಲ್ಲಿ ಎಲ್ಲರೂ ಹಾಕತೊಡಗಿದರೆ ಇರುವ ಒಂದು ಜೋಡಿಯೂ ಜಾಗ ಬಿಡುತ್ತದೆ. ಬ್ಯಾಟರಿ ಬೆಳಕು ಹಾಯಿಸಿ ಪೊದೆ ಪೊದೆ ಜಾಲಾಡುವುದು ಬೇಡವೇ ಬೇಡ.

ಒಂದು ಜಾಗದಲ್ಲಿ ಎರಡು ರಾತ್ರಿ ನೋಡಿ ಸಿಗಲಿಲ್ಲ ಎಂದು ಷರಾ ಬರೆಯುವುದನ್ನು ನಾವು ಒಪ್ಪುವುದಿಲ್ಲ. ಇರುವ ಜಾಗದಲ್ಲೂ ಇದು ದಿನಾ ಪಟ್ಟಿ ದಾಟುವ ಹಕ್ಕಿಯಲ್ಲ. ಅಭಯಾರಣ್ಯವಿದ್ದ ಕಡಪಾದಲ್ಲೇ ನಂತರದ ವರ್ಷಗಳಲ್ಲಿ ಸುಳಿವು ತೀರಾ ವಿರಳವಾಯಿತು. ಚಳಿಗಾಲದಲ್ಲೊಮ್ಮೆ, ಮುಂಗಾರಿನ ನಡುವೆ ಒಮ್ಮೆ, ಹೀಗೆ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಿದ ದಾಖಲೆ ಬೇಕು. ಹಾಸಿದ ಪಟ್ಟಿ ಎಷ್ಟು, ಮಳೆಗೆ ಕೆಟ್ಟದ್ದು ಎಷ್ಟು, ಓದಲು ಬಂದದ್ದು ಎಷ್ಟು ಎಂಬುದೂ ಅದರಲ್ಲಿರಬೇಕು.

ಹುಡುಕುವಷ್ಟರಲ್ಲಿ ನೆಲೆಯೇ ಹಾಳಾಗದಂತೆ ತಡೆಯುವುದು ಇನ್ನೊಂದು ಕೆಲಸ. ಕಡಪಾದಲ್ಲಿ ಏನಾಯಿತೆಂದು ನೋಡಿ. ಹಕ್ಕಿ ಮತ್ತೆ ಸಿಕ್ಕ ಮೇಲೆ ಅಭಯಾರಣ್ಯ ಘೋಷಣೆಯಾಯಿತು. ಆದರೂ 2005ರಲ್ಲಿ ತೆಲುಗು ಗಂಗಾ ಕಾಲುವೆಯ ಕೆಲಸಕ್ಕೆ ಅದರ ನೆಲೆಯನ್ನೇ ಯಂತ್ರಗಳು ಅಗೆದವು. ಸಂರಕ್ಷಣೆಯವರು ಕಾನೂನಿನ ಮೊರೆ ಹೋದ ಮೇಲೆ ಕಾಲುವೆಯ ದಾರಿ ಬದಲಾಯಿತು. ಹಕ್ಕಿ ಇದೆ ಎಂದು ಜಗತ್ತಿಗೇ ಗೊತ್ತಿದ್ದ ಜಾಗದ ಕಥೆ ಇದು. ಯಾರೂ ಹುಡುಕದ ನಮ್ಮ ಗುಡ್ಡಗಳ ಪರವಾಗಿ ಕೋರ್ಟಿಗೆ ಹೋಗಲು ಒಂದು ಹೆಜ್ಜೆಗುರುತಿನ ಫೋಟೊ ಕೂಡ ಯಾರ ಕೈಯಲ್ಲೂ ಇಲ್ಲ.

ಹಾನಿ ಬರಿ ಕಂಪನಿಗಳಿಂದಲ್ಲ, ಹಸಿರೀಕರಣದಿಂದಲೂ ಆಗುತ್ತದೆ. ಇದನ್ನು ಹೇಳಿದರೆ ಬೇಸರವಾಗುವವರಿದ್ದಾರೆ, ಆದರೂ ಹೇಳಲೇಬೇಕು. ಕುರುಚಲಿನ ನಡುವೆ ಟ್ರೆಂಚ್ ಹೊಡೆದು ನೀಲಗಿರಿ, ಅಕೇಶಿಯ ನೆಟ್ಟರೆ ಬರಿ ನೆಲ ಮುಚ್ಚಿಹೋಗುತ್ತದೆ. ಈ ಹಕ್ಕಿ ಗೆದ್ದಲು, ಇರುವೆಗಳನ್ನು ಓಡಾಡಿ ಹೆಕ್ಕಿ ತಿನ್ನುವುದೇ ಆ ಬರಿ ನೆಲದಲ್ಲಿ. ಅಗೆದ ಮಣ್ಣಿನ ದಿಬ್ಬದ ಮೇಲೆ ಮೊದಲ ಮಳೆಗೇ ಬಳ್ಳಾರಿ ಜಾಲಿ ಹುಟ್ಟುತ್ತದೆ. ಅದರ ಕಾಯಿ ತಿಂದ ಕುರಿ, ದನ ಸಗಣಿ ಹಿಕ್ಕೆಯಲ್ಲಿ ಬೀಜವನ್ನು ಇಡೀ ಗುಡ್ಡಕ್ಕೆ ಹರಡುತ್ತವೆ. ತೆಗೆಯುವುದಾದರೆ ಕಾಯಿ ಉದುರುವ ಮುನ್ನ ತೆಗೆಯಬೇಕು. ನೆಲಮಟ್ಟಕ್ಕೆ ಕಡಿದರೆ ಒಂದರ ಜಾಗದಲ್ಲಿ ಹತ್ತು ಕವಲು ಚಿಗುರುತ್ತವೆ, ಬುಡ ಬಿಡಿಸಿ ಒಂದು ಗೇಣು ಆಳದಲ್ಲಿ ಬೇರು ಕಡಿಯಬೇಕು. ಜೆಸಿಬಿಯಿಂದ ಕಿತ್ತರೆ ಪಕ್ಕದ ಕವಳೆ, ಬೋರೆಯೂ ಹೋಗುತ್ತವೆ. ಕೈಕೆಲಸವೇ ಆಗಬೇಕು. ಉದ್ಯೋಗ ಖಾತ್ರಿಯಲ್ಲಿ ಟ್ರೆಂಚ್ ಅಗೆಸುವ ಕೂಲಿಯನ್ನೇ ಇದಕ್ಕೆ ಕೊಡಬಹುದಲ್ಲವೇ?

ಹಾಗೆಂದು ಕುರಿ ಮೇಯುವುದನ್ನು ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ಮಿತವಾದ ಮೇವು ಪೊದೆಗಳ ನಡುವಿನ ನೆಲವನ್ನು ತೆರೆದಿಡುತ್ತದೆ. ಪೂರ್ತಿ ಬೇಲಿ ಹಾಕಿದರೆ ಕೆಲವೇ ವರ್ಷದಲ್ಲಿ ಪೊದೆಗಳು ಹೆಣೆದುಕೊಂಡು ಅದು ಹಕ್ಕಿಗೆ ಒಗ್ಗದ ಜಾಗವಾಗಬಹುದು. ತಡೆಯಬೇಕಾದದ್ದು ಸೌದೆಗೆಂದು ಎತ್ತರದ ಪೊದೆಗಳನ್ನು ಬುಡಸಮೇತ ಕಡಿಯುವುದನ್ನು, ಬೇಸಿಗೆಯ ಬೆಂಕಿಯನ್ನು, ಗೌಜಲು ಮೊಲಕ್ಕೆಂದು ಒಡ್ಡುವ ಉರುಳುಗಳನ್ನು. ಉರುಳಿಗೆ ಯಾವ ಹಕ್ಕಿ ಎಂಬ ಭೇದವಿಲ್ಲ.

ಹಣದ ದಾರಿಯೂ ಇದೆ. ಪುನಶ್ಚೇತನ ಪಟ್ಟಿಯ ಜೀವಿಗಳಿಗಾಗಿ ಕೇಂದ್ರದ ವನ್ಯಜೀವಿ ಆವಾಸ ಅಭಿವೃದ್ಧಿ ಯೋಜನೆಯಿಂದ ರಾಜ್ಯ ಕೇಳಿ ಪಡೆಯಬಹುದು. ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಕಿಲಾರಿ, ಕುರಿಗಾಹಿಗಳ ಮಾಹಿತಿಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಬಹುದು. ಸುಳಿವು ಸಿಕ್ಕಿದ ಸರ್ಕಾರಿ ಜಮೀನನ್ನು ಜೀವವೈವಿಧ್ಯ ಕಾಯ್ದೆಯಡಿ ಪಾರಂಪರಿಕ ತಾಣವನ್ನಾಗಿ ಘೋಷಿಸಲು ಅವಕಾಶವಿದೆ, ಅದರಲ್ಲಿ ಜನರ ಮೇವಿನ ಹಕ್ಕುಗಳಿಗೆ ಧಕ್ಕೆಯಾಗಬೇಕಿಲ್ಲ. ದಾವಣಗೆರೆ ಜಿಲ್ಲೆಯ ಜಗಳೂರಿನಲ್ಲಿ ಕೊಂಡುಕುರಿಗಾಗಿ ರಂಗಯ್ಯನದುರ್ಗ ಅಭಯಾರಣ್ಯ ಆದದ್ದು ಇಂಥದೇ ಕುರುಚಲು ಕಾಡಿನಲ್ಲಿ. ಆ ಕಾಡಿನ ಅಂಚನ್ನೂ ಈ ಹುಡುಕಾಟಕ್ಕೆ ಸೇರಿಸಿಕೊಳ್ಳಬೇಕು.

ಓದುಗರಲ್ಲಿ ಯಾರಿಗಾದರೂ ರಾತ್ರಿ ರಸ್ತೆಯ ಮೇಲೆ, ಹೊಲದ ಬದುವಿನಲ್ಲಿ ಎದೆಗೆ ಎರಡು ಪಟ್ಟೆಯ ಇಂಥ ಹಕ್ಕಿ ಕಂಡರೆ ದೂರದಿಂದಲೇ ಒಂದು ಫೋಟೊ ತೆಗೆದು, ಹೊತ್ತು ಮತ್ತು ಜಾಗ ಬರೆದುಕೊಂಡು ವಲಯ ಅರಣ್ಯಾಧಿಕಾರಿಗೆ ತಿಳಿಸಿ. ನೆಲದ ಮೇಲೆ ಮೊಟ್ಟೆ ಕಂಡರೆ ಮುಟ್ಟದೆ, ಹೆಚ್ಚು ಹೊತ್ತು ನಿಲ್ಲದೆ ಹಿಂದಿರುಗಿ. ಈ ಹಕ್ಕಿಯ ಗೂಡಿನ ಸರಿಯಾದ ವಿವರಣೆ ಜಗತ್ತಿನಲ್ಲಿ ಈವರೆಗೆ ಯಾರಿಂದಲೂ ಬಂದಿಲ್ಲ. ವಾಟ್ಸ್‌ಆ್ಯಪ್, ಫೇಸ್‌ಬುಕ್ಕಿನಲ್ಲಿ ಜಾಗದ ಹೆಸರನ್ನಾಗಲಿ ಲೊಕೇಶನ್ನನ್ನಾಗಲಿ ದಯವಿಟ್ಟು ಹಾಕಬೇಡಿ. ಪತ್ರಿಕೆಯವರೂ ಅಂಥ ಸುದ್ದಿ ಬಂದಾಗ ತಾಲ್ಲೂಕಿನ ಹೆಸರಿಗೇ ನಿಲ್ಲಿಸಬೇಕೆಂದು ವಿನಂತಿ.

ಇತಿ,
ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಹಕ್ಕಿ ವೀಕ್ಷಕರು
ಚಿತ್ರದುರ್ಗ ಜಿಲ್ಲೆ